ಹೊಳೆಯ ತಲೆಗೆ ಕಟ್ಟಿದ ಕೊಲೆ

ಬಾಂಗ್ಲಾದೇಶದ 1974ನೆಯ ಇಸವಿಯ ಮಾತೆತ್ತಿದರೆ ಸಾಕು, ಓದಿದವರು ಕೂಡ ಒಂದೇ ಪಾಠ ಒಪ್ಪಿಸುತ್ತಾರೆ. ಆ ವರ್ಷ ಬ್ರಹ್ಮಪುತ್ರ ಉಕ್ಕಿತು, ಪೈರು ಮುಳುಗಿತು, ಅನ್ನವಿಲ್ಲದೆ ಜನ ಸತ್ತರು. ಮೊದಲೇ ಬಡ ದೇಶ, ಮೇಲೆ ದೈವವೂ ಮುನಿಯಿತು, ಯಾರೇನು ಮಾಡಲಾದೀತು? ಹೀಗೆಂದು ಲೊಚಗುಟ್ಟಿ ಪುಟ ತಿರುವುತ್ತಾರೆ. ಹೊಳೆಗೆ ಬಾಯಿಲ್ಲ, ಅದರ ಪರ ವಾದಿಸಲು ವಕೀಲನಿಲ್ಲ. ಯಾರು ಯಾವ ಕೊಲೆಯನ್ನು ಬೇಕಾದರೂ ಅದರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದು.

ಈ ಪಾಠ ಸುಳ್ಳೆಂದು ನಾವು ಹೇಳುತ್ತೇವೆ. ನೆರೆ ಬಂದದ್ದು ನಿಜ, ಜನ ಸತ್ತದ್ದೂ ನಿಜ. ಆದರೆ ಒಂದರಿಂದ ಇನ್ನೊಂದು ತಾನಾಗಿ ಹುಟ್ಟಲಿಲ್ಲ. ಎರಡರ ನಡುವೆ ಮಂಡಿಯ ಧಾರಣೆ ಇತ್ತು, ಬರಿದಾದ ಸರಕಾರಿ ಉಗ್ರಾಣವಿತ್ತು, ಏಳು ಸಮುದ್ರದಾಚೆಯ ಒಂದು ಕಾನೂನಿತ್ತು. ಗಿರಣಿಯಲ್ಲಿ ದುಡಿಯುವವರೂ ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟವರೂ ಈ ಲೆಕ್ಕವನ್ನು ಓದಬೇಕೆಂಬುದು ನಮ್ಮ ಆಸೆ. ಇದು ಕೂಲಿಯ, ದಾಸ್ತಾನಿನ, ಗೋಣಿಚೀಲದ ಲೆಕ್ಕ. ಪಂಡಿತರಿಗಿಂತ ನಿಮಗೇ ಬೇಗ ತಿಳಿಯುವಂಥದು.

ಆ ವರ್ಷ ಹುಟ್ಟಿದಾಗ ದೇಶಕ್ಕೆ ಬಿಡುಗಡೆಯಾಗಿ ಎರಡು ವರ್ಷ ಕಳೆದಿತ್ತು, ಅಷ್ಟೆ. 1970ರ ನವೆಂಬರಿನ ಚಂಡಮಾರುತ ಕರಾವಳಿಯನ್ನು ಗುಡಿಸಿಹಾಕಿತ್ತು. ಅದರ ಬೆನ್ನಿಗೇ 1971ರ ಯುದ್ಧ. ಸೇತುವೆಗಳು ಮುರಿದಿದ್ದವು, ದೋಣಿಗಳು ಸುಟ್ಟಿದ್ದವು, ಬೊಕ್ಕಸ ಖಾಲಿ. ಆದರೂ ಜನರ ಎದೆಯಲ್ಲಿ ಭರವಸೆಯಿತ್ತು. 1972ರ ಸಂವಿಧಾನ ರಾಷ್ಟ್ರೀಯತೆ, ಸಮಾಜವಾದ, ಪ್ರಜಾಪ್ರಭುತ್ವ, ಧರ್ಮನಿರಪೇಕ್ಷತೆ ಎಂಬ ನಾಲ್ಕು ಕಂಬಗಳನ್ನು ನಿಲ್ಲಿಸಿತು. ಅದೇ ವರ್ಷದ ಮಾರ್ಚಿಯಲ್ಲಿ ಸೆಣಬಿನ, ಬಟ್ಟೆಯ, ಸಕ್ಕರೆಯ ಗಿರಣಿಗಳನ್ನು ಸರಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ಕಾಗದದ ಮೇಲೆ ಇದಕ್ಕಿಂತ ಚೆಂದದ ಆರಂಭ ಯಾವ ದೇಶಕ್ಕೆ ಸಿಕ್ಕೀತು?

1974ರಲ್ಲಿ ಮೇಲಿನವರ ದಿನಚರಿ ಹೇಗಿತ್ತು ನೋಡಿ. ಫೆಬ್ರವರಿ 22ರಂದು ಪಾಕಿಸ್ತಾನ ಹೊಸ ದೇಶಕ್ಕೆ ಮನ್ನಣೆ ಕೊಟ್ಟಿತು; ಪ್ರಧಾನಿ ಶೇಖ್ ಮುಜೀಬರು ಲಾಹೋರಿನ ಇಸ್ಲಾಮಿ ಶೃಂಗಸಭೆಗೆ ಹಾರಿದರು. ಏಪ್ರಿಲಿನಲ್ಲಿ ದಿಲ್ಲಿಯಲ್ಲಿ ಮೂರು ದೇಶಗಳ ಒಪ್ಪಂದ. ಯುದ್ಧಾಪರಾಧಕ್ಕಾಗಿ ವಿಚಾರಣೆ ಎದುರಿಸಬೇಕಿದ್ದ 195 ಮಂದಿ ಪಾಕಿಸ್ತಾನಿ ಸೈನಿಕರನ್ನು ಬಿಟ್ಟುಕೊಡಲಾಯಿತು. ಮೇ 16ರಂದು ಇಂದಿರಾ ಗಾಂಧಿಯವರ ಜೊತೆ ಗಡಿ ಒಪ್ಪಂದಕ್ಕೆ ರುಜು ಬಿತ್ತು. (ಆ ಗಡಿ ಕಾಗದದಿಂದ ನೆಲಕ್ಕೆ ಇಳಿಯಲು 2015ರವರೆಗೆ ಕಾಯಬೇಕಾಯಿತೆಂಬುದು ಬೇರೆ ಮಾತು.) ಜೂನ್ ಕೊನೆಗೆ ಭುಟ್ಟೋ ಸಾಹೇಬರು ಢಾಕಾಕ್ಕೆ ಬಂದರು. ಹಾರ, ತುರಾಯಿ, ಭೋಜನ.

ಕೆಳಗಿನವರ ದಿನಚರಿ ಬೇರೆ. ಫೆಬ್ರವರಿಯಲ್ಲೇ ವಿಶೇಷಾಧಿಕಾರ ಕಾನೂನು ಬಂತು. ವಿಚಾರಣೆಯಿಲ್ಲದೆ ಯಾರನ್ನು ಬೇಕಾದರೂ ಒಳಗೆ ಹಾಕುವ ಹಕ್ಕು ಸರಕಾರದ ಕೈಸೇರಿತು. ಮಾರ್ಚ್ 17ರಂದು ಜಾತೀಯ ಸಮಾಜತಾಂತ್ರಿಕ ದಳದವರು ಢಾಕಾದಲ್ಲಿ ಗೃಹಮಂತ್ರಿಯ ಮನೆಗೆ ಘೇರಾವ್ ಹಾಕಲು ಹೋದರು. ಗುಂಡು ಹಾರಿತು, ಜನ ಬಿದ್ದರು, ನಾಯಕರು ಸೆರೆಮನೆ ಸೇರಿದರು. ಅಕ್ಕಿಯ ಧಾರಣೆ ಆಗಲೇ ಏರುತ್ತಿತ್ತು. ನೆರೆ ಇನ್ನೂ ಬಂದಿರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಸೆಣಬು, ಅಕ್ಕಿ ರಾತ್ರೋರಾತ್ರಿ ಗಡಿ ದಾಟುತ್ತಿವೆಯೆಂದು ಕೂಗೆದ್ದಾಗ ಏಪ್ರಿಲಿನಲ್ಲಿ ಕಳ್ಳಸಾಗಣೆ ಹಿಡಿಯಲು ಸೈನ್ಯವನ್ನೇ ಬಿಟ್ಟರು. ಸಿಕ್ಕಿಬಿದ್ದವರಲ್ಲಿ ಆಳುವ ಪಕ್ಷದವರೂ ಇದ್ದರು. ಕಾರ್ಯಾಚರಣೆ ತಣ್ಣಗಾಯಿತು. ದಾಸ್ತಾನು ಬಚ್ಚಿಟ್ಟವನಿಗೂ ಕಾಳಸಂತೆಯವನಿಗೂ ಮರಣದಂಡನೆಯವರೆಗೆ ಶಿಕ್ಷೆ ಎಂದು ಅದೇ ವರ್ಷದ ಕಾನೂನು ಹೇಳುತ್ತಿತ್ತು. ಹೇಳುತ್ತಲೇ ಇತ್ತು.

ನೀರು ಬಂತು

ಜೂನ್ ಕೊನೆಯಲ್ಲಿ ಬ್ರಹ್ಮಪುತ್ರ ದಡ ಮೀರಿತು. ಇಳಿದು ಮತ್ತೆ ಏರಿತು. ಆಗಸ್ಟಿನಲ್ಲಿ ಅದರ ಅಬ್ಬರ ತುದಿ ಮುಟ್ಟಿತು. ಹತ್ತಿರಹತ್ತಿರ ದೇಶದ ಮೂರನೆಯ ಒಂದು ಪಾಲು ನೀರಿನಲ್ಲಿ ನಿಂತಿತು. ರಂಗಪುರ, ಮೈಮನ್‌ಸಿಂಗ್, ಸಿಲ್ಹೆಟ್ ಜಿಲ್ಲೆಗಳ ಮೇಲೆ ಮುಂದೆ ಹೆಚ್ಚಿನ ಪೆಟ್ಟು ಬಿತ್ತು.

ಇಲ್ಲಿ ಆ ಸೀಮೆಯ ಬೇಸಾಯದ ಕ್ರಮವನ್ನು ತಿಳಿಯದೆ ಮುಂದೆ ಹೋಗುವಂತಿಲ್ಲ. ಅಲ್ಲಿ ಭತ್ತದ ಬೆಳೆ ಮೂರು. ಚಳಿಗಾಲದಲ್ಲಿ ನಾಟಿ ಮಾಡಿ ಬೇಸಗೆಯಲ್ಲಿ ಕೊಯ್ಯುವುದು ಬೋರೊ. ಮುಂಗಾರಿಗೆ ಮುಂಚೆ ಬಿತ್ತಿ ಜುಲೈ ಆಗಸ್ಟಿನಲ್ಲಿ ಕೊಯ್ಯುವುದು ಔಸ್. ಮಳೆಗಾಲದಲ್ಲಿ ನೆಟ್ಟು ನವೆಂಬರಿನಿಂದಾಚೆ ಕೊಯ್ಯುವುದು ಅಮನ್. ಆಗ ಇದೇ ಎಲ್ಲಕ್ಕೂ ದೊಡ್ಡದಾಗಿತ್ತು. 1974ರ ನೆರೆ ಔಸಿನ ಕೊಯ್ಲನ್ನು ಕೆಡಿಸಿತು, ಅಮನಿನ ಸಸಿಯನ್ನು ಕೊಚ್ಚಿತು. ಆದರೆ ಅಮನಿನ ಅಕ್ಕಿ ಪೇಟೆಗೆ ಬರಬೇಕಾದದ್ದೇ ವರ್ಷದ ಕೊನೆಗೆ. ಜನ ಸತ್ತದ್ದು ಯಾವಾಗ? ಆಗಸ್ಟಿನಿಂದ ಅಕ್ಟೋಬರಿನವರೆಗೆ ಹಸಿವು ಏರುತ್ತ ಹೋಯಿತು. ನವೆಂಬರಿನಲ್ಲಿ ಧಾರಣೆ ಇಳಿಯತೊಡಗಿತು, ಗಂಜಿ ಕೇಂದ್ರಗಳನ್ನು ಮುಚ್ಚಲಾಯಿತು. ಅಂದರೆ ನೆರೆಯಿಂದ ಹಾಳಾದ ದೊಡ್ಡ ಬೆಳೆಯ ಕೊರತೆ ಪೇಟೆಗೆ ತಟ್ಟುವ ಮುಂಚೆಯೇ ಬರಗಾಲ ಬಂದು, ಜನರನ್ನು ನುಂಗಿ, ಹೊರಟುಹೋಗಿತ್ತು! ಕೊರತೆಗೆ ಮೊದಲೇ ಕೊರತೆಯಿಂದ ಸಾಯುವುದು ಹೇಗೆ ಎಂದು ಯಾರಾದರೂ ಕೇಳಬೇಡವೆ?

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಈ ಪ್ರಶ್ನೆ ಕೇಳಿದರು. 1981ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಯಾವ ಮಂತ್ರಿಯ ಭಾಷಣಕ್ಕಿಂತಲೂ ಹರಿತವಾಗಿದೆ. ಬಾಂಗ್ಲಾದೇಶದಲ್ಲಿ ತಲೆಗೆ ದಿನಕ್ಕೆ ದೊರೆಯುತ್ತಿದ್ದ ಧಾನ್ಯ 1971ರಲ್ಲಿ 14.9 ಔನ್ಸು. 1972ರಲ್ಲೂ 1973ರಲ್ಲೂ 15.3. ಬರಗಾಲದ 1974ರಲ್ಲಿ? 15.9 ಔನ್ಸು. ಮರುವರ್ಷ ಮತ್ತೆ 14.9. ಆ ಐದು ವರ್ಷಗಳಲ್ಲಿ ದೇಶದಲ್ಲಿ ತಲೆಗೆ ಅತಿ ಹೆಚ್ಚು ಧಾನ್ಯವಿದ್ದ ವರ್ಷವೇ ಜನ ಹಸಿದು ಸತ್ತ ವರ್ಷ! ಎಲ್ಲರಿಗಿಂತ ಹೆಚ್ಚು ಸತ್ತ ಆ ಮೂರು ಜಿಲ್ಲೆಗಳಾದರೂ ಧಾನ್ಯದಲ್ಲಿ ಹಿಂದೆ ಬಿದ್ದವಲ್ಲ. ಹಿಂದಿನ ವರ್ಷಕ್ಕಿಂತ ಅಲ್ಲಿ ಹೆಚ್ಚೇ ಇತ್ತು.

ಸರಾಸರಿಯ ಔನ್ಸು ಎಂದರೆ ಎಲ್ಲರ ತಟ್ಟೆಗೂ ಬಿದ್ದ ಔನ್ಸು ಅಲ್ಲ ಎಂಬುದು ನಿಮಗೆ ಹೇಳಿಕೊಡಬೇಕಾದ ಮಾತಲ್ಲ. ಉಗ್ರಾಣದಲ್ಲಿದ್ದ ಅಕ್ಕಿಯೂ ಸರಾಸರಿಯಲ್ಲಿ ಸೇರುತ್ತದೆ.

ಕೂಲಿಯೂ ಸೇರೂ

ಹಾಗಾದರೆ ಸತ್ತವರು ಯಾರು? ಗಂಜಿ ಕೇಂದ್ರಗಳ ಮುಂದೆ ನಿಂತವರ ಸಾಲನ್ನು ಎಣಿಸಿದ ಸಮೀಕ್ಷೆಗಳು ಆಮೇಲೆ ಬಂದವು. ಬಹುಮಂದಿ ಭೂಮಿಯಿಲ್ಲದ ಕೂಲಿಗಳು, ಇಲ್ಲವೆ ಅಂಗೈಯಗಲ ಹೊಲವಿದ್ದ ಬಡ ರೈತರು. ಭತ್ತ ನೆಡುವ ಕೈಗಳು, ಕಳೆ ಕೀಳುವ ಕೈಗಳು, ಸೆಣಬನ್ನು ನೀರಿನಲ್ಲಿ ಕೊಳೆಯಿಸಿ ನಾರು ಬಿಡಿಸುವ ಕೈಗಳು.

ಅಂಥವನೊಬ್ಬನ ಲೆಕ್ಕ ಹಾಕೋಣ. ಒಂದು ದಿನದ ಕೂಲಿಗೆ ಅವನಿಗೆ ಎರಡು ಸೇರು ಅಕ್ಕಿ ಬರುತ್ತಿತ್ತೆಂದು ಇಟ್ಟುಕೊಳ್ಳಿ. ನೆರೆ ಬಂದು ಗದ್ದೆ ಮುಳುಗಿತು. ನಾಟಿಯ ಕೆಲಸ ನಿಂತಿತು. ತಿಂಗಳಿಗೆ ಇಪ್ಪತ್ತು ದಿನ ಸಿಗುತ್ತಿದ್ದ ಕೂಲಿ ಎಂಟೋ ಹತ್ತೋ ದಿನಕ್ಕೆ ಇಳಿಯಿತು. ಅತ್ತ ಅಕ್ಕಿಯ ಧಾರಣೆ ಇಮ್ಮಡಿಯಾಯಿತು. ಈಗ ಅವನ ತಿಂಗಳ ದುಡಿಮೆಗೆ ಬರುವ ಅಕ್ಕಿ ನಲವತ್ತು ಸೇರಲ್ಲ, ಹತ್ತು ಸೇರು. ಮನೆಯಲ್ಲಿ ಐದು ಬಾಯಿ. ಇದು ನಮ್ಮ ಉದಾಹರಣೆ. ಆದರೆ ನಡೆದದ್ದು ಇದಕ್ಕೆ ದೂರವಿಲ್ಲ. ಜುಲೈಯಿಂದ ಅಕ್ಟೋಬರಿನ ಮೂರು ತಿಂಗಳಲ್ಲಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಧಾರಣೆ ನಿಜವಾಗಿಯೂ ಇಮ್ಮಡಿಯಾಯಿತು. ಕೆಲಸ ಸಿಕ್ಕಿದವನ ದಿನಗೂಲಿಯಲ್ಲಿ ಬರುವ ಅಕ್ಕಿ ಕೂಡ ಆ ಜಿಲ್ಲೆಗಳಲ್ಲಿ ಅರ್ಧಕ್ಕಿಂತ ಕೆಳಗೆ ಬಿತ್ತು. ಕೆಲಸವೇ ಸಿಗದವನ ಮಾತು ಬಿಡಿ. ಅವನು ಮೊದಲು ಪಾತ್ರೆ ಮಾರಿದ, ಆಮೇಲೆ ದನ, ಆಮೇಲೆ ಇದ್ದರೆ ಭೂಮಿ. ಎಲ್ಲರೂ ಒಟ್ಟಿಗೆ ಮಾರಹೊರಟಾಗ ದನದ ಬೆಲೆ, ಭೂಮಿಯ ಬೆಲೆ ಏನಾಗುತ್ತದೆಂಬುದು ಸಂತೆಗೆ ಹೋದವರಿಗೆಲ್ಲ ಗೊತ್ತು.

ಧಾರಣೆ ಅಷ್ಟು ಏರಿದ್ದೇಕೆ? ಅಧಿಕಾರಿಗಳು ಕೂಡಲೆ ಬೆರಳು ತೋರಿಸಿದ್ದು ಅಂಗಡಿಯವನತ್ತ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಬಿಡಿಸಿ ನೋಡಬೇಕು. ಓಣಿಯ ಮೂಲೆಯಲ್ಲಿ ಎರಡು ಮೂಟೆ ಇಟ್ಟು ಸೇರಿನಲ್ಲಿ ಅಳೆಯುವವನು ದೇಶದ ಧಾರಣೆ ಕಟ್ಟುವವನಲ್ಲ. ಅವನೂ ಬೆಳಿಗ್ಗೆ ಮಂಡಿಗೆ ಹೋಗಿ ದೊಡ್ಡವರು ಹೇಳಿದ ದರಕ್ಕೆ ತರುವವನೇ. ಗಿರಾಕಿಯ ಬೈಗುಳ ಮಾತ್ರ ಅವನ ಪಾಲು. ಅಕ್ಕಿ ಕೂಡಿಟ್ಟವರು ಹೆಚ್ಚು ಭೂಮಿಯಿದ್ದ ಜೋತ್‌ದಾರರು, ದೊಡ್ಡ ಮಂಡಿಯವರು, ಗಡಿಯಾಚೆಗೆ ದಾರಿ ಮಾಡಿಕೊಂಡವರು. ನೆರೆಯನ್ನು ನೋಡಿ ಅವರು ಅಮನ್ ಪೂರಾ ಹೋಯಿತೆಂದು ಲೆಕ್ಕ ಹಾಕಿದರು, ಕಣಜಕ್ಕೆ ಬೀಗ ಹಾಕಿದರು. ಆ ಅಂದಾಜು ಅತಿಯಾಗಿತ್ತೆಂದು ಆಮೇಲೆ ಧಾರಣೆಗಳನ್ನು ಶೋಧಿಸಿದ ಅರ್ಥಶಾಸ್ತ್ರಜ್ಞ ಮಾರ್ಟಿನ್ ರವಾಲಿಯನ್ ತೋರಿಸಿಕೊಟ್ಟರು. ಹೆದರಿದಷ್ಟು ಬೆಳೆ ಹೋಗಿರಲಿಲ್ಲ. ತಪ್ಪು ಅಂದಾಜಿನ ಲಾಭ ಯಾರ ಪೆಟ್ಟಿಗೆಗೆ ಹೋಯಿತೋ ಹೋಯಿತು. ನಷ್ಟ ರಂಗಪುರದ ರಸ್ತೆಬದಿಯಲ್ಲಿ ಬಿದ್ದಿತ್ತು.

ದೊಡ್ಡ ದಾಸ್ತಾನುಗಾರ ಬೀಗ ತೆಗೆಯುವುದು ಎರಡೇ ಸಂದರ್ಭದಲ್ಲಿ. ಬಾಗಿಲಿಗೆ ಪೋಲೀಸರು ಬಂದರೆ, ಇಲ್ಲವೆ ಸರಕಾರ ತನ್ನ ಉಗ್ರಾಣದಿಂದ ಅಕ್ಕಿ ಸುರಿದು ಧಾರಣೆ ಬೀಳಿಸೀತೆಂಬ ಭಯ ಹುಟ್ಟಿದರೆ. ಪೋಲೀಸರ ಕಥೆ ಏಪ್ರಿಲಿನಲ್ಲೇ ನೋಡಿದೆವು. ಇನ್ನು ಎರಡನೆಯದು. ಸರಕಾರದ ಉಗ್ರಾಣದಲ್ಲಿ ಏನೂ ಇಲ್ಲವೆಂದು ಆ ಬೇಸಗೆಯಲ್ಲಿ ದೇಶದ ಪ್ರತಿ ಮಂಡಿಗೂ ಗೊತ್ತಿತ್ತು. ಏಕೆ ಇರಲಿಲ್ಲ?

ನಲವತ್ತು ಲಕ್ಷ ಗೋಣಿಚೀಲ

ಸೆಣಬು ಆ ದೇಶದ ಚಿನ್ನದ ನಾರು. ಪರದೇಶದ ಹಣ ಬರುತ್ತಿದ್ದುದು ಬಹುಪಾಲು ಅದರಿಂದಲೇ. ನಾರಾಯಣಗಂಜ್‌ನಲ್ಲಿದ್ದ ಆದಮ್‌ಜಿ ಗಿರಣಿ ಜಗತ್ತಿನ ಅತಿ ದೊಡ್ಡ ಸೆಣಬಿನ ಗಿರಣಿಯೆಂದು ಹೆಸರಾಗಿತ್ತು. ಸಾವಿರಾರು ಜನ ಅಲ್ಲಿ ಮಗ್ಗ ನಡೆಸುತ್ತಿದ್ದರು. (2002ರ ಜೂನ್ 30ರಂದು ಅದಕ್ಕೂ ಬೀಗ ಬಿತ್ತು. ಆ ಬೀಗವನ್ನು ಯಾವ ಹೊಳೆಯೂ ಹಾಕಲಿಲ್ಲ.) ಗಿರಣಿಗಳು ಸರಕಾರದ ವಶಕ್ಕೆ ಬಂದ ಮೇಲೆ ಅವುಗಳ ಮಾಲನ್ನು ಮಾರುವ ಹೊಣೆ ಸರಕಾರದ ಸೆಣಬು ನಿಗಮಕ್ಕೆ ಬಿತ್ತು. ಆ ನಿಗಮ ಕ್ಯೂಬಾ ದೇಶಕ್ಕೆ ನಲವತ್ತು ಲಕ್ಷ ಗೋಣಿಚೀಲ ಮಾರಿತು. ಕ್ಯೂಬಾ ಸಕ್ಕರೆಯ ನಾಡು. ಸಕ್ಕರೆ ತುಂಬಲು ಚೀಲ ಬೇಕು. ಚೀಲ ಮಾಡುವವನು ಚೀಲ ಮಾರಿದ. ಇದರಲ್ಲಿ ರಾಜಕೀಯವೇನು ಬಂತು?

ಬಂತು. ಅಮೆರಿಕದ ಪಿ.ಎಲ್. 480 ಕಾನೂನನ್ನು ನಮ್ಮ ಹಿರಿಯ ವಾಚಕರು ಮರೆತಿರಲಾರರು. ‘ಶಾಂತಿಗಾಗಿ ಆಹಾರ’ ಎಂದು ಅದಕ್ಕೆ ಅಡ್ಡಹೆಸರು. 1965, 66ರ ಬರಗಾಲದಲ್ಲಿ ನಮ್ಮ ನ್ಯಾಯಬೆಲೆ ಅಂಗಡಿಗಳ ಮುಂದೆ ಚೀಲ ಹಿಡಿದು ನಿಂತವರಿಗೆ ಆ ಗೋಧಿಯ ಬಣ್ಣ ಇಂದಿಗೂ ಕಣ್ಣ ಮುಂದಿದೆ. ವಿಯೆಟ್ನಾಂ ಯುದ್ಧವನ್ನು ನಮ್ಮ ದೇಶ ಟೀಕಿಸಿದ್ದಕ್ಕೆ ಅಧ್ಯಕ್ಷ ಜಾನ್ಸನ್ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ಬಿಗಿಹಿಡಿದು ಬಿಟ್ಟದ್ದೂ ಆಗಲೇ. ಆ ಕಾನೂನಿನೊಳಗೆ ಒಂದು ಕೊಂಡಿಯಿತ್ತು: ಕ್ಯೂಬಾದ ಜೊತೆ ವ್ಯಾಪಾರ ಮಾಡುವ ದೇಶಕ್ಕೆ ಈ ಧಾನ್ಯ ಸಿಗಕೂಡದು. ಕೆಲವು ಸರಕುಗಳಿಗೆ ವಿನಾಯಿತಿ ಕೊಡುವ ಅಧಿಕಾರ ಅಮೆರಿಕದ ಅಧ್ಯಕ್ಷನ ಕೈಯಲ್ಲಿತ್ತು. ಬಾಂಗ್ಲಾದೇಶದ ಪಾಲಿಗೆ ಆ ಕೈ ಎದ್ದೇಳಲಿಲ್ಲ.

1974ರ ಮೇ ಕೊನೆಯಲ್ಲಿ ಅಮೆರಿಕದ ರಾಯಭಾರಿ ಢಾಕಾದ ಮಂತ್ರಿಗಳ ಮುಂದೆ ಈ ಕೊಂಡಿಯನ್ನಿಟ್ಟರು. ಸರಕಾರ ತಬ್ಬಿಬ್ಬಾಯಿತು. ಬೇಡಿಕೊಂಡಿತು. ಕೊನೆಗೆ ಮಣಿದು ಕ್ಯೂಬಾದ ವ್ಯಾಪಾರವನ್ನು ನಿಲ್ಲಿಸಿತು. ಇಷ್ಟಾಗುವ ಹೊತ್ತಿಗೆ ನೆರೆ ಬಂದಿತ್ತು. ಮಣಿದ ಮೇಲಾದರೂ ಹಡಗು ಹೊರಟಿತೆ? ಕಾಗದಪತ್ರಗಳ ಓಡಾಟದಲ್ಲಿ ಆಗಸ್ಟ್ ಹೋಯಿತು, ಸೆಪ್ಟೆಂಬರ್ ಹೋಯಿತು. ಒಪ್ಪಂದಕ್ಕೆ ರುಜು ಬಿದ್ದದ್ದು ಅಕ್ಟೋಬರಿನಲ್ಲಿ. ಗೋಧಿ ಬಂದರು ಮುಟ್ಟಿದ್ದು ಡಿಸೆಂಬರಿನಲ್ಲಿ. ಆಗ ಗಂಜಿ ಕೇಂದ್ರಗಳು ಮುಚ್ಚಿ ಆಗಿತ್ತು, ಗೋರಿಗಳ ಮೇಲಿನ ಮಣ್ಣು ಒಣಗುತ್ತಿತ್ತು.

ದಾನ ಬೇಡ, ದುಡ್ಡು ಕೊಟ್ಟೇ ಕೊಳ್ಳಬಹುದಿತ್ತಲ್ಲ ಎಂದು ಕೆಲವರು ಕೇಳಬಹುದು. ಕೊಳ್ಳಹೋದರು. 1973ರ ಕೊನೆಯಿಂದ ಎಣ್ಣೆಯ ಬೆಲೆ ನಾಲ್ಕು ಪಟ್ಟಾಗಿತ್ತು. 1972ರಿಂದಾಚೆ ಲೋಕದ ಪೇಟೆಯಲ್ಲಿ ಗೋಧಿಯ ಬೆಲೆಯೂ ಹಾರಿತ್ತು. ಬೊಕ್ಕಸದಲ್ಲಿ ಡಾಲರಿರಲಿಲ್ಲ. ಅಲ್ಪಾವಧಿಯ ಸಾಲ ಹುಟ್ಟದೆ ಅಮೆರಿಕದ ಧಾನ್ಯ ಕಂಪನಿಗಳ ಜೊತೆ ಮಾಡಿಕೊಂಡ ಎರಡು ದೊಡ್ಡ ಖರೀದಿಗಳು ನೆರೆಯ ಆ ದಿನಗಳಲ್ಲೇ ಮುರಿದುಬಿದ್ದವು. ನಮ್ಮ ಪೇಟೆಯಲ್ಲಿ ಉದ್ದರಿ ನಿಂತ ಅಂಗಡಿಯವನ ಪಾಡು ಹೇಗೋ ಹಾಗೆ. ಚಲಾವಣೆಯಿದ್ದಾಗ ನೂರು ಜನ ಮಾಲು ಕೊಡುತ್ತಾರೆ. ಕೈ ಬರಿದಾದ ದಿನ ಒಬ್ಬನೂ ತಿರುಗಿ ನೋಡುವುದಿಲ್ಲ. 1971ರ ಡಿಸೆಂಬರಿನಲ್ಲಿ, ದೇಶ ಇನ್ನೂ ಹುಟ್ಟುತ್ತಿದ್ದಾಗಲೇ, ವಾಷಿಂಗ್ಟನ್ನಿನ ಒಂದು ಸಭೆಯಲ್ಲಿ ಅದನ್ನು ಕೈಚಾಚಿ ಬದುಕುವ ದೇಶವೆಂದು ಕರೆದಿದ್ದರು. ಹಾಗಿದ್ದರೂ ಅದು ನಮ್ಮ ತಲೆಭಾರವಾಗಬೇಕಿಲ್ಲ ಎಂದು ಕಿಸಿಂಜರ್ ಮಹಾಶಯರು ಉತ್ತರ ಕೊಟ್ಟಿದ್ದರು. ‘ತಳವಿಲ್ಲದ ಬುಟ್ಟಿ’ ಎಂಬ ಚುಚ್ಚುಮಾತು ಬಂಗಾಳಿಯಲ್ಲಿ ಉಳಿದದ್ದು ಆ ಸಭೆಯಿಂದ.

ಗಂಜಿ, ಭಾಷಣ, ಕಾರ್ಡು

ಸೆಪ್ಟೆಂಬರ್ 17ರಂದು ಬಾಂಗ್ಲಾದೇಶ ವಿಶ್ವಸಂಸ್ಥೆಯ ಸದಸ್ಯನಾಯಿತು. 25ರಂದು ಮುಜೀಬರು ನ್ಯೂಯಾರ್ಕಿನಲ್ಲಿ ಬಂಗಾಳಿಯಲ್ಲಿ ಭಾಷಣ ಮಾಡಿದರು. ತಾಯ್ನುಡಿ ಅಲ್ಲಿ ಮೊಳಗಿದ್ದು ಹೆಮ್ಮೆಯ ಮಾತೇ. ಅದನ್ನು ನಾವು ಹೀಗಳೆಯುವವರಲ್ಲ. ಆದರೆ ಅದೇ ವಾರಗಳಲ್ಲಿ ಬರಗಾಲವಿದೆಯೆಂದು ಸರಕಾರ ಒಪ್ಪಿಕೊಳ್ಳಬೇಕಾಯಿತು, ಊರೂರಿಗೆ ಗಂಜಿ ಕೇಂದ್ರ ತೆರೆಯಬೇಕಾಯಿತು. ಲಂಗರ್‌ಖಾನಾ ಎಂದು ಅಲ್ಲಿಯವರ ಮಾತು. ತುಂಬಿದ ಕಾಲದಲ್ಲಿ ಅವು 5,862. ದಿನಕ್ಕೆ 43 ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಕೈಯೊಡ್ಡಿದರು. ಅಕ್ಟೋಬರ್ ಮೊದಲಲ್ಲಿ ಮುಜೀಬರು ಅಧ್ಯಕ್ಷ ಫೋರ್ಡರನ್ನು ಕಂಡು ಬಂದರು. 26ರಂದು ಅರ್ಥಮಂತ್ರಿ ತಾಜುದ್ದೀನ್ ಅಹ್ಮದರು ಸಂಪುಟದಿಂದ ಹೊರಬಿದ್ದರು. ಯುದ್ಧದ ಒಂಬತ್ತು ತಿಂಗಳು ದೇಶಭ್ರಷ್ಟ ಸರಕಾರವನ್ನು ನಡೆಸಿದ್ದ ಮನುಷ್ಯ ಆತ. ನಾಲ್ಕು ದಿನಕ್ಕೆ ಕಿಸಿಂಜರ್ ಢಾಕಾದಲ್ಲಿ ಇಳಿದರು. ಯಾರು ಹೋದರು, ಯಾರು ಬಂದರು ಎಂಬುದರಿಂದ ಗಾಳಿ ಯಾವ ಕಡೆಗೆ ಬೀಸುತ್ತಿತ್ತೆಂದು ತಿಳಿಯಲು ಪಂಚಾಂಗ ಬೇಡ.

ಇನ್ನೊಂದು ಸಂಗತಿಯನ್ನು ಗಿರಣಿಯ ಬಂಧುಗಳಿಗೆ ಹೇಳಲೇಬೇಕು, ಕಹಿಯಾದರೂ. ಢಾಕಾ, ನಾರಾಯಣಗಂಜ್, ಖುಲ್ನಾ, ಚಿತ್ತಗಾಂಗ್‌ನಂಥ ನಗರಗಳಲ್ಲಿ ಕಾನೂನಿನ ಪ್ರಕಾರ ಪಡಿತರವಿತ್ತು. ಕಾರ್ಡು ಇದ್ದವನಿಗೆ ಅಗ್ಗದ ಧಾನ್ಯ ಸಿಗುತ್ತಿತ್ತು. ಗುಮಾಸ್ತ, ಪೋಲೀಸು, ಗಿರಣಿಯ ಕಾರ್ಮಿಕ, ಅಧಿಕಾರಿ ಎಲ್ಲರೂ ಅದರ ನೆರಳಿನಲ್ಲಿದ್ದರು. ಉಗ್ರಾಣದಲ್ಲಿದ್ದ ಅಷ್ಟಿಷ್ಟು ಧಾನ್ಯ ಮೊದಲು ನಗರಕ್ಕೆ ಹೋಯಿತು. ಹಳ್ಳಿಗೆಂದು ಬೇರೊಂದು ಬಗೆಯ ಪಡಿತರವಿತ್ತು. ಹೆಸರಿಗೆ ದೊಡ್ಡದು, ಮೂಟೆಗೆ ಸಣ್ಣದು. ನಗರದ ಕಾರ್ಮಿಕನ ಕಾರ್ಡನ್ನು ಕಿತ್ತುಕೊಳ್ಳಬೇಕಿತ್ತೆಂದು ನಾವು ಹೇಳುವುದಿಲ್ಲ. ಹೋರಾಡಿ ಪಡೆದದ್ದನ್ನು ಬಿಡುವುದು ಮೂರ್ಖತನ. ಆದರೆ ನಗರ ಗದ್ದಲವೆಬ್ಬಿಸದಿರಲೆಂದೇ ಸರಕಾರಗಳು ನಗರಕ್ಕೆ ಉಣ್ಣಿಸುತ್ತವೆ. ಗೋಣಿ ನೇಯುವವನಿಗೆ ಕಾರ್ಡು ಇತ್ತು. ಆ ಗೋಣಿಯ ನಾರನ್ನು ಎದೆಮಟ್ಟ ನೀರಿನಲ್ಲಿ ನಿಂತು ಬಿಡಿಸಿದವನಿಗೆ ಇರಲಿಲ್ಲ. ಅವನ ಪರವಾಗಿ ನಾರಾಯಣಗಂಜ್‌ನ ಗಿರಣಿಗಳು ಒಂದು ದಿನ ನಿಂತಿದ್ದರೆ ಏನಾಗುತ್ತಿತ್ತೋ ಎಂಬ ಪ್ರಶ್ನೆ ನಮ್ಮನ್ನು ಬಿಡದು.

ಸತ್ತವರೆಷ್ಟು? ಸರಕಾರದ ಲೆಕ್ಕ ಸುಮಾರು 26 ಸಾವಿರ. ರಂಗಪುರ ಜಿಲ್ಲೆಯೊಂದರಲ್ಲೇ ಎರಡು ಮೂರು ತಿಂಗಳಲ್ಲಿ 80 ಸಾವಿರದಿಂದ ಒಂದು ಲಕ್ಷ ಸತ್ತರೆಂದು ಒಂದು ಅಂದಾಜು. ಹಸಿವಿನ ಬೆನ್ನಿಗೆ ಬಂದ ಕಾಲರಾ, ಸಿಡುಬು, ಭೇದಿಗಳನ್ನೂ ಮರುವರ್ಷದ ಸಾವುಗಳನ್ನೂ ಕೂಡಿಸಿದವರು 15 ಲಕ್ಷದವರೆಗೆ ಹೋಗುತ್ತಾರೆ. ಆ ದಿನಗಳಲ್ಲಿ ಢಾಕಾದ ‘ಇತ್ತೆಫಾಕ್’ ಪತ್ರಿಕೆ ಒಂದು ಚಿತ್ರ ಅಚ್ಚು ಹಾಕಿತು: ಸೀರೆಯಿಲ್ಲದೆ ಮೈಗೆ ಮೀನುಬಲೆ ಸುತ್ತಿಕೊಂಡ ಚಿಲ್ಮಾರಿಯ ಒಬ್ಬ ಹುಡುಗಿ. ಅದು ನಿಜವಾದ ಚಿತ್ರವೋ, ಛಾಯಾಗ್ರಾಹಕ ಹಾಗೆ ನಿಲ್ಲಿಸಿ ತೆಗೆದದ್ದೋ ಎಂದು ಆಮೇಲೆ ದಶಕಗಳ ಕಾಲ ಜಗಳ ನಡೆದಿದೆ. ಒಂದು ಬಲೆಯ ಮೇಲೆ ಇಷ್ಟು ವಿಚಾರಣೆ! ಬೀಗ ಹಾಕಿದ ಕಣಜಗಳ ಮೇಲೆ ಅದರ ಹತ್ತರಲ್ಲೊಂದು ಪಾಲು ನಡೆದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ 28ರಂದು ಸರಕಾರ ತುರ್ತುಪರಿಸ್ಥಿತಿ ಸಾರಿತು. ಕಾರಣ ಹಸಿವಲ್ಲ, ಅಶಾಂತಿ. 1975ರ ಜನವರಿ 25ರಂದು ಸಂವಿಧಾನವನ್ನು ತಿದ್ದಿ ಒಂದೇ ಪಕ್ಷದ ಆಳ್ವಿಕೆಗೆ ದಾರಿ ಮಾಡಿದರು. ಸಮಾಜವಾದವನ್ನು ಸಂವಿಧಾನದಲ್ಲಿ ಬರೆದು, ಹಸಿದವನ ಬಾಯಿಗೆ ಬೀಗ ಹಾಕುವುದಕ್ಕೆ ಸಮಾಜವಾದವೆನ್ನುವುದಿಲ್ಲ. ಗಿರಣಿಗೆ ಸರಕಾರದ ಫಲಕ ತೂಗಿಹಾಕಿದ ಮಾತ್ರಕ್ಕೆ ಗಿರಣಿ ಜನರದಾಗುವುದಿಲ್ಲ. ಆಗಸ್ಟ್ 15ರ ಬೆಳಗಿನ ಜಾವ ಸೈನ್ಯದ ಅಧಿಕಾರಿಗಳು ಮುಜೀಬರನ್ನೂ ಅವರ ಮನೆಮಂದಿಯನ್ನೂ ಗುಂಡಿಟ್ಟು ಕೊಂದರು. ಅದೂ ಕೊಲೆಯೇ; ಯಾವ ಹಸಿದವನ ಹೊಟ್ಟೆಯೂ ಅದರಿಂದ ತುಂಬಲಿಲ್ಲ.

ಅಯ್ಯೋ, ನೆರೆಯವರ ಪಾಡು ಎಂದು ಮರುಕಪಡುವವರು ತಮ್ಮ ಮನೆಯ ಪಂಚಾಂಗವನ್ನೂ ಒಮ್ಮೆ ನೋಡಲಿ. ಅದೇ 1974ರ ಮೇ ತಿಂಗಳಲ್ಲಿ, ಗಡಿ ಒಪ್ಪಂದಕ್ಕೆ ದಿಲ್ಲಿಯಲ್ಲಿ ರುಜು ಬೀಳುತ್ತಿದ್ದಾಗ, ನಮ್ಮ ರೈಲ್ವೆ ನೌಕರರು ಮುಷ್ಕರದಲ್ಲಿದ್ದರು. ಅವರ ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಮುಷ್ಕರ ಆರಂಭವಾಗುವ ಮುಂಚೆಯೇ ಸೆರೆಯಲ್ಲಿದ್ದರು. ಸಾವಿರಾರು ಜನರನ್ನು ಹಿಡಿದರು, ರೈಲ್ವೆ ಕ್ವಾರ್ಟರ್ಸುಗಳಿಂದ ಹೆಂಗಸರು ಮಕ್ಕಳನ್ನು ಹೊರಹಾಕಿದರು. ಇಪ್ಪತ್ತು ದಿನಕ್ಕೆ ಮುಷ್ಕರ ಮುರಿಯಿತು. ಢಾಕಾದ ತುರ್ತುಪರಿಸ್ಥಿತಿಗೆ ಆರು ತಿಂಗಳು ತುಂಬುವ ಮುಂಚೆ ದಿಲ್ಲಿಯಲ್ಲೂ ತುರ್ತುಪರಿಸ್ಥಿತಿ. ಈ ವಿದ್ಯೆಗೆ ಪಾಸ್‌ಪೋರ್ಟು ಬೇಡ.

ಈಗ ಇನ್ನೊಂದು ಬಗೆಯ ನೆಪ ಹುಟ್ಟಿದೆ. 2024ರ ಆಗಸ್ಟ್ 5ರಂದು ಮುಜೀಬರ ಮಗಳು ಶೇಖ್ ಹಸೀನಾ ವಿದ್ಯಾರ್ಥಿಗಳ ದಂಗೆಗೆ ಬೆದರಿ ದೇಶ ಬಿಟ್ಟರು. ತಂದೆಯ ಪ್ರತಿಮೆಗಳು ಉರುಳಿದವು. ಅಂದಿನಿಂದ 1974ರ ಪಾಪವನ್ನೆಲ್ಲ ಒಬ್ಬ ಮನುಷ್ಯನ ಕೊರಳಿಗೆ ಕಟ್ಟುವವರು ಹೆಚ್ಚಿದ್ದಾರೆ. ಹೊಳೆಯನ್ನು ಬಿಟ್ಟು ಮುಜೀಬರನ್ನು ಹಿಡಿದರೆ ಮುಂದೆ ಬಂದಂತಾಯಿತೆ? ಅವರ ಹೊಣೆ ದೊಡ್ಡದು, ಅದನ್ನು ಮುಚ್ಚುವವರು ನಾವಲ್ಲ. ಆದರೆ ಜೋತ್‌ದಾರನ ಕಣಜ, ದೊಡ್ಡ ಮಂಡಿಯ ಸಟ್ಟಾ, ವಾಷಿಂಗ್ಟನ್ನಿನ ಕೊಂಡಿ ಇವೆಲ್ಲ ಪ್ರತಿಮೆಗಳಾಗಿರಲಿಲ್ಲ. ಹಗ್ಗ ಹಾಕಿ ಎಳೆದರೆ ಉರುಳುವ ವಸ್ತುಗಳಲ್ಲ.

ನೆರೆಯೇ ಕೊಂದಿತೆಂದು ಇನ್ನೂ ಹಟ ಹಿಡಿಯುವವರಿಗೆ 1998ನೆಯ ಇಸವಿಯನ್ನು ತೋರಿಸುತ್ತೇವೆ. ಆ ವರ್ಷ ಅದೇ ಬ್ರಹ್ಮಪುತ್ರ, ಅದೇ ಗಂಗೆ, ಅದೇ ಮೇಘನಾ. ಆದರೆ ನೆರೆ 1974ರದಕ್ಕಿಂತ ಎಷ್ಟೋ ದೊಡ್ಡದು. ದೇಶದ ಮೂರರಲ್ಲಿ ಎರಡು ಪಾಲು ಮುಳುಗಿತು, ಎರಡು ತಿಂಗಳಿಗೂ ಮೀರಿ ನೀರು ನಿಂತಿತು, ಅಮನ್ ಬೆಳೆ ಹೋಯಿತು. ಸತ್ತವರು ಸಾವಿರದ ಆಸುಪಾಸು. ಬರಗಾಲ ಬರಲಿಲ್ಲ.

ಏನು ಬದಲಾಗಿತ್ತು? ಬೋರೊ ಬೆಳೆ ಹೆಚ್ಚಿತ್ತು. ಅಕ್ಕಿ ತರಿಸುವುದಕ್ಕೆ ಇದ್ದ ತಡೆಗಳನ್ನು ಸರಕಾರ ಮೊದಲೇ ತೆಗೆದಿತ್ತು. ನೆರೆಯ ಸುದ್ದಿ ಬಂದದ್ದೇ ಗಡಿಯ ಊರುಗಳ ನೂರಾರು ಸಣ್ಣ ವ್ಯಾಪಾರಿಗಳು ಭಾರತದಿಂದ ಲಾರಿ ಲಾರಿಯಾಗಿ, ರೈಲು ಡಬ್ಬಿ ಡಬ್ಬಿಯಾಗಿ ಅಕ್ಕಿ ತಂದರು. ಒಬ್ಬೊಬ್ಬನದು ಚಿಲ್ಲರೆ ಮಾಲು. ಕೂಡಿಸಿದರೆ ವರ್ಷದೊಳಗೆ ಇಪ್ಪತ್ತು ಲಕ್ಷ ಟನ್ನಿಗೂ ಮಿಕ್ಕಿತು. ಕಣಜಕ್ಕೆ ಬೀಗ ಹಾಕಿ ಕೂತರೆ ನಾಳೆ ಧಾರಣೆ ಬೀಳುತ್ತದೆಂದು ದೊಡ್ಡವರಿಗೆ ಅರಿವಾಯಿತು. ನೋಡಿ, ಇಪ್ಪತ್ತನಾಲ್ಕು ವರ್ಷದ ಹಿಂದೆ ಬೈಸಿಕೊಂಡ ಅದೇ ಸಣ್ಣ ವ್ಯಾಪಾರಿ! ಖಾಸಗಿ ವ್ಯಾಪಾರವೇ ದೇಶ ಉಳಿಸಿತೆಂದು ಇದನ್ನೇ ಹಿಡಿದು ಕುಣಿಯುವ ಪತ್ರಿಕೆಗಳಿವೆ. ಅವರು ಕಥೆಯ ಇನ್ನರ್ಧ ಹೇಳುವುದಿಲ್ಲ. ಕೈಯಲ್ಲಿ ಕಾಸಿಲ್ಲದವನಿಗೆ ಲಾರಿಯ ಅಕ್ಕಿಯಿಂದ ಏನು ಪ್ರಯೋಜನ? ಆ ಸಲ ಸರಕಾರ ಹಳ್ಳಿಗಳಲ್ಲಿ ಸುಮಾರು ನಲವತ್ತು ಲಕ್ಷ ಬಡ ಕುಟುಂಬಗಳಿಗೆ ಕಾರ್ಡು ಹಂಚಿ ಬಿಟ್ಟಿ ಧಾನ್ಯ ಕೊಟ್ಟಿತು. 1974ರಲ್ಲಿ ನಗರದವನಿಗಷ್ಟೇ ಇದ್ದ ಕಾರ್ಡು ಕೊನೆಗೂ ನೀರಿನಲ್ಲಿ ನಿಂತವನ ಕೈಗೆ ಬಂತು.

ಬಂದದ್ದು ಸಾಲಲಿಲ್ಲ. ಮೊದಲು ತಿಂಗಳಿಗೆ ಮನೆಗೆ 8 ಕಿಲೋ, ಆಮೇಲೆ 16. ಐದು ಬಾಯಿಗೆ ಅದು ಎಷ್ಟು ದಿನಕ್ಕೆ ಬಂದೀತು? ಉಳಿದ ದಿನಗಳಿಗೆ ಬಡವರು ಸಾಲ ಮಾಡಿ ಅಕ್ಕಿ ತಂದರು. ನೀರು ಇಳಿದು ಎಷ್ಟೋ ತಿಂಗಳಾದ ಮೇಲೂ ಆ ಸಾಲ ಅವರ ಕುತ್ತಿಗೆಯ ಮೇಲಿತ್ತು; ಹೊಲದ ಹೊಸ ಬೆಳೆಯ ಮೊದಲ ಮೂಟೆ ಸಾಹುಕಾರನ ಅಂಗಳದಲ್ಲಿ ಇಳಿಯಿತು.